ತೆರಿಗೆ ನೋಟಿಸನ್ನು ಓದುವ ಪಾಠ
(8ರಿಂದ 10ನೆಯ ತರಗತಿಗಳಿಗೆ, ಭಾಷೆ, ಗಣಿತ ಮತ್ತು ನಾಗರಿಕಶಾಸ್ತ್ರಗಳನ್ನು ಕೂಡಿಸಿ ಕಲಿಸುವ ಪಾಠ)

ಮಹಾರಾಷ್ಟ್ರದಲ್ಲಿ ಕೆಲಸ ಮಾಡುವ ಶಿಕ್ಷಕರ ವೇತನ ಚೀಟಿಯಲ್ಲಿ ಪ್ರತಿ ತಿಂಗಳು 200 ರೂಪಾಯಿಯ ಒಂದು ಕಡಿತ ಕಾಣಿಸುತ್ತದೆ. ಫೆಬ್ರವರಿಯಲ್ಲಿ ಮಾತ್ರ ಅದು 300 ಆಗುತ್ತದೆ. ಏಕೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಹನ್ನೊಂದು ತಿಂಗಳ 2,200 ಮತ್ತು ಫೆಬ್ರವರಿಯ 300 ಸೇರಿದರೆ 2,500. ರಾಜ್ಯವೊಂದು ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಪಡೆಯಬಹುದಾದ ವೃತ್ತಿ ತೆರಿಗೆಯ ಮಿತಿಯೇ ಅಷ್ಟು. ಸಂವಿಧಾನದ 276ನೆಯ ಅನುಚ್ಛೇದದಲ್ಲಿ ಈ ಮಿತಿ 250 ರೂಪಾಯಿ ಇತ್ತು; 1988ರ ಅರವತ್ತನೆಯ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಪಾಠವನ್ನು ಆರಂಭಿಸಬಹುದು.

ನಮ್ಮ ಪಾಲನ್ನು ವೇತನದಿಂದಲೇ ಮುರಿದುಕೊಳ್ಳುವುದರಿಂದ ನಮಗೆ ಚಿಂತೆಯಿಲ್ಲ. ಆದರೆ ಸೊಲ್ಲಾಪುರದಲ್ಲಿ ಸ್ವಂತ ಮಗ್ಗ ನಡೆಸುವವರು, ಅಕ್ಕಲಕೋಟೆಯ ಪೇಟೆಯಲ್ಲಿ ಅಂಗಡಿ ಇಟ್ಟವರು ಈ ತೆರಿಗೆಗೆ ತಾವೇ ಹೆಸರು ನೋಂದಾಯಿಸಿ, ತಾವೇ ಕಟ್ಟಬೇಕು. ಕಟ್ಟದಿದ್ದರೆ ಬಾಕಿ, ಬಡ್ಡಿ, ದಂಡ; ಅದಕ್ಕೂ ಉತ್ತರ ಬಾರದಿದ್ದರೆ ಬ್ಯಾಂಕ್ ಖಾತೆಯ ಜಪ್ತಿ. ಆ ಮಾರ್ಗದ ಪ್ರತಿ ಹಂತದಲ್ಲೂ ಒಂದು ಕಾಗದ ಬರುತ್ತದೆ. ಕಾಗದ ಮರಾಠಿಯಲ್ಲಿರುತ್ತದೆ. ಮನೆಯವರು ಅದನ್ನು ಕನ್ನಡದ ಕಿವಿಯಿಂದ ಕೇಳಿಸಿಕೊಳ್ಳುತ್ತಾರೆ. ಈ ಪಾಠದ ಅಗತ್ಯವಿರುವುದು ಅಲ್ಲಿ.

ಮರಾಠಿಯಲ್ಲಿ ವೃತ್ತಿ ತೆರಿಗೆಗೆ ‘ವ್ಯವಸಾಯ ಕರ’ ಎಂದು ಹೆಸರು. ಅಲ್ಲಿ ‘ವ್ಯವಸಾಯ’ವೆಂದರೆ ಉದ್ಯೋಗ, ವ್ಯಾಪಾರ. ಕನ್ನಡದಲ್ಲಿ ವ್ಯವಸಾಯವೆಂದರೆ ಬೇಸಾಯ. ಒಂದೇ ಸಂಸ್ಕೃತ ಶಬ್ದ ಎರಡು ನುಡಿಗಳಲ್ಲಿ ಬೇರೆ ಬೇರೆ ಮನೆ ಹಿಡಿದಿದೆ. ಇದರಿಂದ ಏನಾಗಬಹುದೆಂಬುದನ್ನು ತೋರಿಸಲು ಪಾಠಕ್ಕಾಗಿ ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಳ್ಳೋಣ.

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಸ್ವಲ್ಪ ಹೊಲ, ಅದರ ಜೊತೆಗೆ ಮಗ ನಡೆಸುತ್ತಿದ್ದ ವಿದ್ಯುತ್ ಸಾಮಾನಿನ ಅಂಗಡಿ. ಕೊರೊನಾದ ವರ್ಷ ಅಂಗಡಿ ಮುಚ್ಚಿತು. ಬಾಗಿಲು ಮುಚ್ಚಿದರೇ ಹೊರತು ನೋಂದಣಿಯನ್ನು ಯಾರೂ ರದ್ದುಗೊಳಿಸಲಿಲ್ಲ. ವರ್ಷಕ್ಕೆ 2,500ರಂತೆ ನಾಲ್ಕು ವರ್ಷಕ್ಕೆ 10,000 ರೂಪಾಯಿ ಅಸಲೇ ಆಯಿತು. ಒಂಬತ್ತನೆಯ ತರಗತಿಯ ಮೊಮ್ಮಗಳು ಅಂಚೆಯಲ್ಲಿ ಬಂದ ಕಾಗದವನ್ನು ಓದಿ, “ಅಜ್ಜಾ, ವ್ಯವಸಾಯ ಕರ ಬಾಕಿ ಐತಂತ” ಎಂದಳು. ಅಜ್ಜ, “ನಮ್ಮ ಹೊಲಕ್ಕ ಎಲ್ಲೀ ತೆರಿಗಿ? ಇಡು ಅತ್ಲಾಗ” ಎಂದರು. ಕಾಗದ ಜಂತಿಗೆ ಸೇರಿತು. ಎರಡನೆಯ ಕಾಗದದಲ್ಲಿ ‘ಲೇಖೀ ಖುಲಾಸಾ ಸಾದರ ಕರಾವಾ’ ಎಂದಿತ್ತು. ಲಿಖಿತ ವಿವರಣೆಯನ್ನು ಸಲ್ಲಿಸಬೇಕೆಂಬುದು ಅದರ ಅರ್ಥ. ಕನ್ನಡದಲ್ಲಿ ಖುಲಾಸೆಯೆಂದರೆ ಬಿಡುಗಡೆ! “ಖುಲಾಸೆ ಆಗೇತಿ ಅಂದ್ರ ಮುಗೀತಲ್ಲ” ಎಂದು ಮನೆಯವರು ಸಮಾಧಾನ ತಳೆದರು. ಮೂರನೆಯದು ಕಾಗದವಾಗಿ ಬರಲಿಲ್ಲ. ಬಿತ್ತನೆಯ ಬೀಜಕ್ಕೆಂದು ಹಣ ತೆಗೆಯಲು ಹೋದಾಗ ಖಾತೆ ನಡೆಯಲಿಲ್ಲ.

ಇಲ್ಲಿ ಯಾರೂ ತೆರಿಗೆಯನ್ನು ಕದಿಯಲಿಲ್ಲ. ಅಕ್ಷರವನ್ನು ಓದಲು ಬಾರದವರೂ ಅಲ್ಲ. ಮಗಳು ಮರಾಠಿಯನ್ನು ಶಾಲೆಯಲ್ಲಿ ಕಲಿತವಳೇ. ಕಥೆ ಕವಿತೆಗಳ ಮರಾಠಿಯನ್ನು ನಾವು ಕಲಿಸಿದೆವು, ಕಚೇರಿಯ ಮರಾಠಿಯನ್ನು ಕಲಿಸಲಿಲ್ಲ.

ಶಿಕ್ಷಕರು ತಿಳಿದಿರಬೇಕಾದ ಕಾನೂನು ಹೆಚ್ಚೇನಿಲ್ಲ. ಮಹಾರಾಷ್ಟ್ರದ ವೃತ್ತಿ ತೆರಿಗೆಯ ಕಾಯಿದೆ 1975ರದು. ಅದರ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ. ಹಾಗೆಂದರೆ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯಲ್ಲಿ ಹೇಳಿದ ಕ್ರಮಗಳು: ಮೊದಲು ಬೇಡಿಕೆಯ ನೋಟಿಸು, ಮುಂದೆ ಚರ ಸ್ಥಿರ ಸ್ವತ್ತುಗಳ ಜಪ್ತಿ. ಇದೇ ಕಾಯಿದೆಯಲ್ಲಿ ವಿನಾಯಿತಿಗಳೂ ಇವೆ. 65 ವರ್ಷ ತುಂಬಿದವರು, ಶಾಶ್ವತ ಅಂಗವೈಕಲ್ಯವುಳ್ಳವರು, ಜವಳಿ ಗಿರಣಿಗಳ ಬದಲಿ ಕಾರ್ಮಿಕರು ಈ ತೆರಿಗೆಯಿಂದ ಹೊರಗೆ. ಗಿರಣಿಗಳ ಊರಾದ ಸೊಲ್ಲಾಪುರದ ಹಿರಿಯರಿಗೆ ‘ಬದಲಿ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ವಿನಾಯಿತಿಯುಳ್ಳವರಿಗೂ ನೋಟಿಸು ಬರಬಹುದು. ಆಗ ವಯಸ್ಸಿನ ದಾಖಲೆಯೊಡನೆ ಉತ್ತರ ಬರೆಯಬೇಕು. ಸುಮ್ಮನಿದ್ದರೆ ವಿನಾಯಿತಿಯ ಸಂಗತಿ ಕಚೇರಿಗೆ ಗೊತ್ತಾಗುವುದಿಲ್ಲ.

2017ರ ಜುಲೈ 1ರಿಂದ ಮಾರಾಟ ತೆರಿಗೆಯ ಸ್ಥಾನಕ್ಕೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಅವಧಿಗಳು ಇನ್ನೂ ಸ್ಪಷ್ಟವಾಗಿವೆ. ರಿಟರ್ನ್ ಸಲ್ಲಿಸದವರಿಗೆ ಮೊದಲು 15 ದಿನಗಳ ನೋಟಿಸು ಬರುತ್ತದೆ. ಆಗಲೂ ಸಲ್ಲಿಸದಿದ್ದರೆ ಅಧಿಕಾರಿಯು ತನಗೆ ದೊರೆತ ಮಾಹಿತಿಯಿಂದಲೇ ತೆರಿಗೆಯನ್ನು ನಿಗದಿಪಡಿಸುತ್ತಾರೆ. ಆ ಆದೇಶ ತಲುಪಿದ 60 ದಿನಗಳೊಳಗೆ ಸರಿಯಾದ ರಿಟರ್ನ್ ಸಲ್ಲಿಸಿದರೆ ಆದೇಶವೇ ಹಿಂದೆ ಸರಿಯುತ್ತದೆ. ಸಾಮಾನ್ಯವಾಗಿ ಬೇಡಿಕೆಯ ಆದೇಶವೊಂದು ಕೈಸೇರಿದ ಮೇಲೆ ಹಣ ಕಟ್ಟಲು ಮೂರು ತಿಂಗಳಿರುತ್ತವೆ. ಮೇಲ್ಮನವಿಗೂ ಮೂರು ತಿಂಗಳೇ. ವಿವಾದದಲ್ಲಿರುವ ತೆರಿಗೆಯ ನೂರಕ್ಕೆ ಹತ್ತರಷ್ಟನ್ನು ಕಟ್ಟಿ ಮೇಲ್ಮನವಿ ಹೂಡಿದರೆ ಉಳಿದ ಮೊತ್ತದ ವಸೂಲಿ ನಿಲ್ಲುತ್ತದೆ. ಒಮ್ಮೆಗೇ ಕಟ್ಟಲಾಗದವರು ಕಂತಿಗಾಗಿ ಆಯುಕ್ತರಿಗೆ ಅರ್ಜಿ ಕೊಡಬಹುದು. ಹೆಚ್ಚೆಂದರೆ 24 ಮಾಸಿಕ ಕಂತುಗಳು, ಬಡ್ಡಿಸಹಿತ. ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಮ್ಮೆಗೇ ಬಾಕಿಯಾಗುತ್ತದೆ. ತಾನೇ ರಿಟರ್ನಿನಲ್ಲಿ ಒಪ್ಪಿ ಬರೆದು ಕಟ್ಟದೆ ಬಿಟ್ಟ ತೆರಿಗೆಗೆ ಈ ಕಂತಿನ ಸೌಲಭ್ಯವಿಲ್ಲ.

ಈ ಅವಧಿಗಳೆಲ್ಲ ಮುಗಿದ ಮೇಲೆ ಅಧಿಕಾರಿಯು ಖಾತೆದಾರನನ್ನು ಕೇಳುವುದಿಲ್ಲ, ಬ್ಯಾಂಕಿಗೇ ಬರೆಯುತ್ತಾರೆ. ಬ್ಯಾಂಕು ಅದನ್ನು ಪಾಲಿಸಲೇಬೇಕು. ಒಬ್ಬನೇ ಒಡೆಯನಿರುವ ಅಂಗಡಿಯಲ್ಲಿ ಅಂಗಡಿ ಬೇರೆ, ಒಡೆಯ ಬೇರೆ ಎಂದು ಕಾನೂನು ಎಣಿಸುವುದಿಲ್ಲ. ಆದ್ದರಿಂದ ಅವನ ಹೆಸರಿನ ಉಳಿತಾಯ ಖಾತೆಯೂ ಸಿಲುಕಬಹುದು. ಇದಲ್ಲದೆ, ತನಿಖೆ ಅಥವಾ ತೆರಿಗೆ ನಿರ್ಧಾರ ಮುಗಿಯುವ ಮೊದಲೇ ಆಯುಕ್ತರು ತಾತ್ಕಾಲಿಕವಾಗಿ ಖಾತೆಯನ್ನು ಜಪ್ತಿ ಮಾಡುವ ಅಧಿಕಾರವೊಂದಿದೆ. ಅದರ ಆಯುಷ್ಯ ಒಂದು ವರ್ಷ. ಇದು ಕಠೋರ ಅಧಿಕಾರ, ಇದನ್ನು ಯಾಂತ್ರಿಕವಾಗಿ ಬಳಸಕೂಡದು ಎಂದು ಹಿಮಾಚಲ ಪ್ರದೇಶದ ರಾಧಾಕೃಷ್ಣ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ನಾಗರಿಕಶಾಸ್ತ್ರದ ಪಾಠದಲ್ಲಿ ಇದನ್ನು ಉಲ್ಲೇಖಿಸಿದರೆ ಸಾಕು, ವಿಸ್ತರಿಸಬೇಕಿಲ್ಲ.

ಹಳೆಯ ಬಾಕಿಗಳಿಗಾಗಿ ಮಹಾರಾಷ್ಟ್ರ ಸರ್ಕಾರವು 2019, 2022 ಮತ್ತು 2023ರಲ್ಲಿ ‘ಅಭಯ ಯೋಜನೆ’ಗಳನ್ನು ತಂದಿತ್ತು. ವೃತ್ತಿ ತೆರಿಗೆಯ ಬಾಕಿಯೂ ಅವುಗಳಲ್ಲಿ ಸೇರಿತ್ತು. ಅಂಥ ಯೋಜನೆಗೂ ಅರ್ಜಿಯ ಕೊನೆಯ ದಿನವಿರುತ್ತದೆ, ಮತ್ತು ಅದರ ಪ್ರಕಟಣೆಯೂ ಕಚೇರಿಯ ಮರಾಠಿಯಲ್ಲೇ ಬರುತ್ತದೆ.

ಇನ್ನು ಶಬ್ದಗಳಿಗೆ ಬರೋಣ. ವ್ಯವಸಾಯ, ಖುಲಾಸಾಗಳ ಜೊತೆಗೆ ಇನ್ನೂ ಕೆಲವು ಶಬ್ದಗಳು ಹೀಗೆಯೇ ಮೋಸಗೊಳಿಸುತ್ತವೆ. ‘ಶಾಸ್ತಿ’ ಎಂದರೆ ನೋಟಿಸಿನಲ್ಲಿ ಹಣದ ದಂಡ. ಕನ್ನಡದ ಮಗು ಅದನ್ನು ಶಿಕ್ಷೆಯೆಂದು ಓದಿ ಹೆದರುತ್ತದೆ, ಹೆದರಿ ಕಾಗದವನ್ನು ಮುಚ್ಚಿಡುತ್ತದೆ. ‘ಹಪ್ತಾ’ ಎಂದರೆ ಕಂತು; ಕನ್ನಡದಲ್ಲಿ ಹಫ್ತಾ ಎಂದರೆ ಬೆದರಿಸಿ ಕೀಳುವ ಹಣ. ‘ಹರಕತ’ ಎಂದರೆ ಆಕ್ಷೇಪಣೆ. ಹರಕತ ನೋಂದಾಯಿಸಿ ಎಂದರೆ ನಿಮ್ಮ ತಕರಾರನ್ನು ಬರೆದು ಕೊಡಿ ಎಂದರ್ಥ. ‘ಥಕಬಾಕಿ’ಯಲ್ಲಿ ಬಾಕಿ ಎಂಬುದು ತಾನಾಗಿಯೇ ತಿಳಿಯುತ್ತದೆ. ‘ಖಾತೆ ಗೋಠವಣೆ’ ಎಂಬುದಕ್ಕೆ ಮಾತ್ರ ಕನ್ನಡದ ಕಿವಿಗೆ ಯಾವ ಸುಳಿವೂ ಇಲ್ಲ. ಖಾತೆಯ ವ್ಯವಹಾರವನ್ನು ತಡೆಹಿಡಿಯುವುದೆಂದು ಅದರ ಅರ್ಥ. ಇವನ್ನು ಕಂಠಪಾಠ ಮಾಡಿಸಬೇಡಿ. ವಾಕ್ಯದಲ್ಲಿಟ್ಟು ಓದಿಸಿ, ‘ಈ ವಾಕ್ಯ ಯಾರಿಗೆ, ಏನು ಮಾಡಲು, ಯಾವ ದಿನದೊಳಗೆ ಹೇಳುತ್ತಿದೆ?’ ಎಂದು ಕೇಳಿ.

ಮಕ್ಕಳ ಮನೆಗೆ ಬಂದ ನಿಜವಾದ ನೋಟಿಸನ್ನು ತರಗತಿಗೆ ತರಿಸಕೂಡದು. ಒಂದು ಮನೆಯ ಸಾಲ ಬಾಕಿ ಇನ್ನೊಂದು ಮನೆಯ ಮಾತಾಗುತ್ತದೆ. ಶಿಕ್ಷಕರೇ ಕಲ್ಪಿತ ಹೆಸರಿನಲ್ಲಿ ಒಂದು ಪುಟದ ನೋಟಿಸನ್ನು ಮರಾಠಿಯಲ್ಲಿ ಬರೆದುಕೊಂಡು ಹೋಗಲಿ. ಅದರಲ್ಲಿ ಜಾವಕ ಕ್ರಮಾಂಕ, ದಿನಾಂಕ, ಯಾವ ವರ್ಷಗಳ ಬಾಕಿ, ಮೊತ್ತ ಮತ್ತು ಉತ್ತರದ ಅವಧಿ ಇರಲಿ. ಆದೇಶವು ಆಗಸ್ಟ್ 12ರಂದು ಕೈಸೇರಿದರೆ ಮೂರು ತಿಂಗಳು ಎಂದಿಗೆ ಮುಗಿಯುತ್ತವೆ, 15 ದಿನಗಳ ಗಡುವು ಎಂದಿಗೆ ಎಂಬುದನ್ನು ಮಕ್ಕಳು ಪಂಚಾಂಗದಲ್ಲಿ ಗುರುತಿಸಲಿ. ಅನಂತರ ಮನೆಯಲ್ಲಿ ಕೇಳಿ ಬರಲು ಒಂದೇ ಪ್ರಶ್ನೆ ಕೊಡಿ: ‘ನಮ್ಮ ನೋಂದಣಿಯಲ್ಲಿರುವುದು ಯಾರ ಮೊಬೈಲ್ ಸಂಖ್ಯೆ?’ ಉತ್ತರವನ್ನು ತರಗತಿಯಲ್ಲಿ ಹೇಳಬೇಕಿಲ್ಲ. ಎಷ್ಟೋ ಅಂಗಡಿಗಳ ನೋಂದಣಿಯಲ್ಲಿರುವುದು ಲೆಕ್ಕ ಬರೆಯುವವರ ಸಂಖ್ಯೆ. ಪೋರ್ಟಲಿನಲ್ಲಿ, ಇಮೇಲಿನಲ್ಲಿ ಬಂದ ನೋಟಿಸೂ ಕಾನೂನಿನ ದೃಷ್ಟಿಯಲ್ಲಿ ತಲುಪಿದ ನೋಟಿಸೇ. ಲೆಕ್ಕದವರು ಬದಲಾದರೆ ಸೂಚನೆಗಳು ಅವರೊಂದಿಗೇ ಹೋಗುತ್ತವೆ. ಸುಳ್ಳು ನೋಟಿಸು ಕಳುಹಿಸಿ ಹಣ ಕೇಳುವವರೂ ಉಂಟು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ತೆರಿಗೆ ಇಲಾಖೆಯ ಪೋರ್ಟಲಿನಲ್ಲಿಯೋ ಕಚೇರಿಯಲ್ಲಿಯೋ ವಿಚಾರಿಸಬೇಕೆಂದು ಇದೇ ಸಂದರ್ಭದಲ್ಲಿ ಹೇಳಿಬಿಡಿ.

ಕೊನೆಯ ಅವಧಿಯಲ್ಲಿ ಮಕ್ಕಳಿಂದ ಉತ್ತರ ಬರೆಯಿಸಿ: ಮೊದಲು ಕನ್ನಡದಲ್ಲಿ, ಅನಂತರ ಮರಾಠಿಯಲ್ಲಿ. ಅಂಗಡಿ ಯಾವ ದಿನ ಮುಚ್ಚಿತು, ಅದಕ್ಕೆ ಯಾವ ದಾಖಲೆಯಿದೆ, ನೋಂದಣಿಯ ರದ್ದತಿಗೆ ಅರ್ಜಿ ಕೊಟ್ಟಿದೆಯೇ, ಉಳಿದ ಬಾಕಿಗೆ ಏನು ಕೇಳಿಕೊಳ್ಳುತ್ತೇವೆ ಎಂಬ ನಾಲ್ಕು ಸಂಗತಿಗಳಿದ್ದರೆ ಪತ್ರ ಪೂರ್ಣ. ಎರಡು ಪ್ರತಿಗಳನ್ನು ಒಯ್ದು, ಒಂದರ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕವಿರುವ ‘ಪೋಚ’ ಪಡೆಯುವುದನ್ನು ಇಬ್ಬರು ವಿದ್ಯಾರ್ಥಿಗಳು ಅಭಿನಯಿಸಿ ತೋರಿಸಲಿ. ಮೌಲ್ಯಮಾಪನದಲ್ಲಿ ಕಾಗುಣಿತದ ತಪ್ಪಿಗೆ ಅರ್ಧ ಅಂಕ ಕಳೆದರೆ, ನೋಟಿಸಿನ ಕ್ರಮಾಂಕ ಬರೆಯಲು ಮರೆತದ್ದಕ್ಕೆ ಎರಡು ಅಂಕ ಕಳೆಯಿರಿ.