ಉಪಕರಣದ ಬೆಲೆ ತಿಳಿಯುವ ಬಗೆ

ಕಲಾ ವಿಭಾಗದ ವಿದ್ಯಾರ್ಥಿಗೆ ತಂತ್ರಾಂಶದ ಗೊಡವೆಯೇಕೆಂದು ವಾಚಕಮಿತ್ರರು ಕೇಳಬಹುದು. ಒಂದು ಉಪಕರಣದಿಂದ ಲಾಭವೋ ನಷ್ಟವೋ ಎಂದು ತೂಗಿ ನೋಡುವುದು ಅರ್ಥಶಾಸ್ತ್ರದ ಕೆಲಸವಷ್ಟೆ. ಅದಕ್ಕಾಗಿಯೇ ಈ ಪುಟ್ಟ ಪ್ರಯತ್ನ.

ನನ್ನ ತಂದೆ ಗಾರೆ ಕೆಲಸದವರು. ಅಂಗಡಿಯವರು ಒಂದು ಗಂಟೆ ನಡೆಸಿ ತೋರಿಸಿದ ಕಾಂಕ್ರೀಟ್ ಮಿಕ್ಸರನ್ನು ಅವರು ಸಾಲ ಮಾಡಿ ಕೊಂಡರು. ಎರಡನೆಯ ವರ್ಷ ಅದರ ಬಿಡಿಭಾಗ ಎಲ್ಲಿಯೂ ದೊರೆಯಲಿಲ್ಲ. ಯಂತ್ರ ಮೂಲೆಗೆ ಸೇರಿತು. ಸಾಲ ಮಾತ್ರ ಉಳಿಯಿತು. ದೊಡ್ಡ ಉದ್ಯಮಗಳೂ ಇಂಥ ಪ್ರಸಂಗಕ್ಕೆ ಹೊರತಲ್ಲ.

ಪ್ರೋಗ್ರಾಮನ್ನು ಸಾಲುಸಾಲಾಗಿ ಕೈಯಿಂದ ಬರೆಯುವುದು ರೂಢಿ. ಅದಕ್ಕೆ ಬದಲಾಗಿ, ವ್ಯವಸ್ಥೆಯ ಅಂಗಗಳನ್ನೂ ಅವುಗಳ ಸಂಬಂಧವನ್ನೂ ನಕ್ಷೆಯಂತಹ ಮಾದರಿಯಲ್ಲಿ ಚಿತ್ರಿಸಿ, ಅದರಿಂದ ಕೋಡನ್ನು ಉಪಕರಣವೇ ತಯಾರಿಸುವಂತೆ ಮಾಡುವುದು ಮಾದರಿ-ಆಧಾರಿತ ಪದ್ಧತಿ. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆಯು ಇಂಥ ಚಿತ್ರಣಕ್ಕಾಗಿ ಯು.ಎಂ.ಎಲ್. ಭಾಷೆಯನ್ನು 1997ರಲ್ಲಿ ಅಂಗೀಕರಿಸಿ, 2001ರಲ್ಲಿ ಈ ಪದ್ಧತಿಗೊಂದು ಚೌಕಟ್ಟನ್ನೂ ಒದಗಿಸಿತು.

2003ರಲ್ಲಿ ಮಿಡಲ್‌ವೇರ್ ಕಂಪೆನಿ ಎಂಬ ಸಂಸ್ಥೆ ಇದನ್ನು ಪರೀಕ್ಷಿಸಿತು. ಸಾಕುಪ್ರಾಣಿಗಳ ಅಂಗಡಿಯೊಂದರ ವ್ಯವಹಾರದ ಪ್ರೋಗ್ರಾಮನ್ನು ಎರಡು ತಂಡಗಳು ರಚಿಸಿದವು. ರೂಢಿಯ ತಂಡಕ್ಕೆ 507.5 ಗಂಟೆ ಹಿಡಿದರೆ, ಆಪ್ಟಿಮಲ್‌ಜೆ ಎಂಬ ಉಪಕರಣ ಬಳಸಿದ ತಂಡಕ್ಕೆ 330 ಗಂಟೆ ಸಾಕಾಯಿತು. ಎಂದರೆ ಶೇಕಡ 35ರಷ್ಟು ಉಳಿತಾಯ!

ಈ ಅಂಕಿಗಳನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಆದರೆ ಪರೀಕ್ಷೆಯ ವೆಚ್ಚವನ್ನು ಹೊತ್ತದ್ದು ಆ ಉಪಕರಣವನ್ನು ಮಾರುತ್ತಿದ್ದ ಕಾಂಪ್ಯೂವೇರ್ ಕಂಪೆನಿ. ಹೋಲಿಸಿದ್ದು ಎರಡೇ ತಂಡಗಳನ್ನು, ಒಂದೇ ಸಣ್ಣ ಪ್ರೋಗ್ರಾಮಿನಲ್ಲಿ. ಉದ್ಯಮದ ತಂತ್ರಾಂಶವಾದರೋ ಹತ್ತಾರು ವರ್ಷ ಬಾಳಬೇಕು. 2008ರಲ್ಲಿ ಆಪ್ಟಿಮಲ್‌ಜೆಯನ್ನು ಕಂಪೆನಿಯೇ ಕೈಬಿಟ್ಟಿತು. ಅದನ್ನು ನೆಚ್ಚಿದವರ ಮಾದರಿಗಳ ಗತಿಯೇನು? ಗಂಟೆಗಳ ಲೆಕ್ಕದಲ್ಲಿ ಈ ಪ್ರಶ್ನೆಗೆ ಸ್ಥಳವಿಲ್ಲ.

ಇನ್ನೊಂದು ತೊಡಕೂ ಉಂಟು. ಅವಸರದಲ್ಲಿ ಕೋಡನ್ನಷ್ಟೇ ಕೈಯಿಂದ ತಿದ್ದಿದರೆ ಮಾದರಿ ಹಳೆಯದಾಗಿಯೇ ಉಳಿಯುತ್ತದೆ. ಕಿಟಕಿಯನ್ನು ಬೇರೆ ಕಡೆ ಇಟ್ಟು ನಕ್ಷೆಯನ್ನು ತಿದ್ದದ ಮನೆಯಂತೆ, ಎರಡಕ್ಕೂ ಹೊಂದಿಕೆ ತಪ್ಪುತ್ತದೆ. ಮಾದರಿಯಿಂದ ಮತ್ತೆ ಕೋಡ್ ತೆಗೆದಾಗ ಕೈಯ ತಿದ್ದುಪಡಿ ಅಳಿಸಿಹೋಗಲೂಬಹುದು.

ಆದ್ದರಿಂದ ಉಪಕರಣವನ್ನು ಆರಿಸುವವರು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನನಗೆ ತೋರುತ್ತದೆ. ಅಳೆದವರಿಗೆ ಹಣ ಕೊಟ್ಟವರು ಯಾರು? ಬದಲಾವಣೆ ಬಂದಾಗ ಮಾದರಿಯೂ ಕೋಡೂ ಜೊತೆಯಾಗಿ ನಡೆಯುವವೆ? ಮಾರುವವನು ಅಂಗಡಿ ಮುಚ್ಚಿದರೆ ನಮ್ಮ ಕೈಯಲ್ಲಿ ಉಳಿಯುವುದೇನು?

ಮೊದಲೆರಡು ಪ್ರಶ್ನೆಗಳನ್ನು ಓದಿನಿಂದ ಕಲಿತೆ. ಮೂರನೆಯದು ನಮ್ಮ ಹಿತ್ತಿಲಲ್ಲಿ ತುಕ್ಕು ಹಿಡಿದು ನಿಂತಿದೆ. ತಪ್ಪಿದ್ದರೆ ಗುರುಹಿರಿಯರು ತಿದ್ದಬೇಕಾಗಿ ವಿನಂತಿ.