ಮೊಳೆ ಜೋಡಿಸಿದ ಕವಿ

ಅಮೆರಿಕದಲ್ಲಿ ಬ್ರೂಕ್ಲಿನ್ ಎಂಬ ಊರಿದೆ. ಈಗ ಅದು ನ್ಯೂಯಾರ್ಕ್ ನಗರದ ಭಾಗ. ಆಗ ಬೇರೆಯೇ ನಗರ. 1841ರಲ್ಲಿ ಅಲ್ಲಿ 'ಬ್ರೂಕ್ಲಿನ್ ಈಗಲ್' ಎಂಬ ಪತ್ರಿಕೆ ಶುರುವಾಯಿತು. 1846ರಲ್ಲಿ ವಾಲ್ಟ್ ವಿಟ್ಮನ್ ಅದರ ಸಂಪಾದಕರಾದರು. ಆಗ ಅವರಿಗೆ 26 ವರ್ಷ.

ವಿಟ್ಮನ್ ಬಡಗಿಯ ಮಗ. 11ನೇ ವಯಸ್ಸಿಗೇ ಶಾಲೆ ಬಿಟ್ಟರು. ಮುಂದಿನ ವರ್ಷ ಅಚ್ಚುಕೂಟಕ್ಕೆ ಸೇರಿದರು. ಅಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ಮೊಳೆ ಪಕ್ಕ ಮೊಳೆ ಇಟ್ಟರೆ ಪದ. ಪದಗಳು ಸೇರಿದರೆ ಸಾಲು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ! ನೀವು ಸ್ಲೇಟಿನ ಮೇಲೆ ಅಕ್ಷರ ಕೂಡಿಸುತ್ತೀರಲ್ಲ, ಹಾಗೇ ಆ ಹುಡುಗನೂ ಕೂಡಿಸಿದ.

ಸಂಪಾದಕರಾದ ಮೇಲೆ, ಊರಿನ ಜನಕ್ಕೆ ಉದ್ಯಾನ ಬೇಕು ಅಂತ ಬರೆದರು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬೇಡಿ ಅಂತ ಬರೆದರು. (ನಾವು ಮೇಷ್ಟ್ರುಗಳು ಇದನ್ನು ಓದಬೇಕು.)

ಆ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ದನಗಳ ಹಾಗೆ ಮಾರುತ್ತಿದ್ದರು. ಅವರಿಗೆ ಓದು ಕಲಿಸುವುದೂ ಹಲವು ಕಡೆ ಅಪರಾಧ. ದೇಶಕ್ಕೆ ಹೊಸದಾಗಿ ಸೇರುವ ಸೀಮೆಗಳಿಗೆ ಈ ಗುಲಾಮಗಿರಿ ಬರಕೂಡದು ಎಂದು ವಿಟ್ಮನ್ ಬರೆದರು. ಗುಲಾಮರಿರುವ ಕಡೆ ಕೂಲಿಯವನ ಬೆವರಿಗೂ ಬೆಲೆ ಇರುವುದಿಲ್ಲ ಎಂಬುದು ಅವರ ವಾದ. ಪತ್ರಿಕೆಯ ಮಾಲೀಕರು ಇದನ್ನು ಒಪ್ಪಲಿಲ್ಲ. 1848ರ ಜನವರಿಯಲ್ಲಿ ವಿಟ್ಮನ್ನರ ಕೆಲಸ ಹೋಯಿತು.

ಆದರೆ ಕೈಯಲ್ಲಿದ್ದ ವಿದ್ಯೆ ಎಲ್ಲಿ ಹೋಗುತ್ತೆ? 1855ರಲ್ಲಿ ಅದೇ ಬ್ರೂಕ್ಲಿನ್ನಿನಲ್ಲಿ ತಮ್ಮದೇ ಖರ್ಚಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದರು. ಹೆಸರು 'ಲೀವ್ಸ್ ಆಫ್ ಗ್ರಾಸ್', ಅಂದರೆ ಹುಲ್ಲಿನ ಎಸಳುಗಳು. ಅದರಲ್ಲಿದ್ದದ್ದು 12 ಪದ್ಯ. ಕೆಲವು ಪುಟಗಳ ಮೊಳೆಗಳನ್ನು ತಾವೇ ಕೂತು ಜೋಡಿಸಿದರು. ಅವರಿಗೆ ಲೋಕದಲ್ಲೆಲ್ಲ ಹೆಸರು ತಂದದ್ದು ಆ ಪುಸ್ತಕವೇ.