ಹೊಸದಾಗಿ ಬಂದವರ ಫೈಲು ತುಂಬುವ ಮೊದಲು

ಹಿರಿಯರ ಆರೈಕೆ ಮನೆಗಳಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ ತಂಗಿಯರಿಗೆ, ತಮ್ಮಂದಿರಿಗೆ ಒಂದಿಷ್ಟು ಮಾತು. ಬಂದ ಹಿರಿಯರಿಗೆ ಎಷ್ಟು ಆಸರೆ ಬೇಕು ಎಂದು ಅಳೆಯುವುದೇ ನಮ್ಮ ಕೆಲಸದ ಬುಡ. ಕಡಿಮೆ ಅಳೆದರೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಹೆಚ್ಚು ಅಳೆದು ಎಲ್ಲವನ್ನೂ ನಾವೇ ಮಾಡಿಕೊಟ್ಟರೆ, ಇದ್ದ ಶಕ್ತಿಯೂ ಕೆಲವೇ ವಾರಗಳಲ್ಲಿ ಕುಂದುತ್ತದೆ.

• ಕೇಳಿ ಬರೆಯಬೇಡಿ, ನೋಡಿ ಬರೆಯಿರಿ. "ಸ್ನಾನ ನೀವೇ ಮಾಡ್ಕೋತೀರಾ ಅಜ್ಜಿ?" ಎಂದರೆ "ಹೂಂ" ಎಂದೇ ಉತ್ತರ ಬರುತ್ತದೆ. ಕೈಲಾಗದು ಎಂದು ಹೊಸಬರ ಮುಂದೆ ಯಾರು ಒಪ್ಪಿಕೊಳ್ಳುತ್ತಾರೆ? ಬಚ್ಚಲಿಗೆ ಹೋಗಿ ನೋಡಿ. ಸೋಪು ಒಣಗಿದ್ದು, ಟವೆಲಿನ ಮಡಿಕೆ ಹಾಗೇ ಇದ್ದರೆ ನಿಮಗೆ ಗೊತ್ತಾಗುತ್ತದೆ.

• ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟ ಪಟ್ಟಿಯಲ್ಲಿ ಆರೇ ಬಾಬತ್ತು: ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಇಂದಿಗೂ ಒಳ್ಳೆಯ ಪಟ್ಟಿ. ಆದರೆ "ಆರಕ್ಕೆ ನಾಲ್ಕು" ಎಂದಷ್ಟೇ ಬರೆದಿಟ್ಟರೆ ಮರುದಿನದ ಆಯಾಗೆ ಏನೂ ತಿಳಿಯದು. "ಸೀರೆಯ ನೆರಿಗೆ ತಾವೇ ಹಿಡಿಯುತ್ತಾರೆ, ಬ್ಲೌಸಿನ ಹುಕ್ಕು ಹಾಕಲು ಬೆರಳು ಬಗ್ಗದು" ಎಂದು ಬರೆಯಿರಿ. ಆಗ ಆಯಾ ಹುಕ್ಕು ಮಾತ್ರ ಹಾಕುತ್ತಾಳೆ, ನೆರಿಗೆ ಹಿಡಿಯುವುದು ಅಜ್ಜಿಗೇ ಉಳಿಯುತ್ತದೆ. ದಯವಿಟ್ಟು ಅದನ್ನು ಅವರಿಂದ ಕಿತ್ತುಕೊಳ್ಳಬೇಡಿ, ಎಷ್ಟೇ ಹೊತ್ತು ಹಿಡಿಯಲಿ.

• ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡಾದರೂ ಹಿಡಿದರೆ ಬೀಳುವ ಅಪಾಯವಿದೆ ಎಂದೇ ಲೆಕ್ಕ. ದಿನಾ ಹಾಕುವ ಚಪ್ಪಲಿ, ದಿನಾ ಹಿಡಿಯುವ ಕೋಲಿನೊಂದಿಗೇ ನಡೆಸಿ, ನೀವು ಪಕ್ಕದಲ್ಲೇ ಇರಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಇಳಿದಿದ್ದರೆ ಡಾಕ್ಟರಿಗೆ ತಿಳಿಸಿ.

• ಊಟಕ್ಕೆ ಜೊತೆಯಲ್ಲಿ ಕೂತುಕೊಳ್ಳಿ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ, ತುತ್ತು ಕೆನ್ನೆಯಲ್ಲೇ ನಿಂತರೆ, ನುಂಗುವ ತೊಂದರೆ ಇರಬಹುದು. ತಿಂಗಳಿಗೊಮ್ಮೆ ತೂಕ ನೋಡಿ.

• ನೆನಪಿನ ಪರೀಕ್ಷೆಗೆ ಮೊದಲು ಕನ್ನಡಕ ಒರೆಸಿ ಕೊಡಿ, ಕಿವಿಯ ಮಿಷಿನ್ನಿನ ಬ್ಯಾಟರಿ ನೋಡಿ. ಕೇಳಿಸದವರನ್ನು ಮರೆವಿನವರು ಎಂದು ಬರೆಯುವುದು ಅನ್ಯಾಯ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ನೂರರಿಂದ ಏಳೇಳು ಕಳೆಯಿರಿ ಎನ್ನಬೇಡಿ. ಉಗಾದಿ ಆಯಿತೇ, ಇನ್ನೂ ಬರಬೇಕೇ ಎಂದು ಕೇಳಿ, ಚಿಲ್ಲರೆ ಎಣಿಸಲು ಕೊಡಿ. ತುಳುವೋ ತೆಲುಗೋ, ಅವರ ಮನೆಮಾತು ಬಲ್ಲವರನ್ನು ಜೊತೆಗೆ ಕೂರಿಸಿಕೊಳ್ಳಿ.

• ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಏನೇನೋ ಮಾತಾಡುತ್ತಿದ್ದರೆ "ವಯಸ್ಸಾಯ್ತು" ಎಂದು ಬಿಡಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿತ, ಮಲಬದ್ಧತೆ, ಹೊಸ ಮಾತ್ರೆ, ಯಾವುದಾದರೂ ಇರಬಹುದು. ಅದೇ ದಿನ ಡಾಕ್ಟರನ್ನು ಕರೆಯಿರಿ.

• ಮಕ್ಕಳ ಮಾತನ್ನೂ ಕೇಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ದೂರದೂರಿನ ಮಗನಿಗೆ ವಿಡಿಯೊ ಕಾಲ್‌ನಲ್ಲಿ ಕಾಣುವುದು ಅಪ್ಪನ ಮುಖ ಮಾತ್ರ, ಊದಿದ ಕಾಲು ಕಾಣುವುದಿಲ್ಲ. ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ರಾತ್ರಿ ಪಾಳಿಯವರನ್ನೇ ಕೇಳಿ.

• ಆರೈಕೆಯ ಮಟ್ಟ ಏರಿದರೆ ತಿಂಗಳ ಶುಲ್ಕವೂ ಏರುತ್ತದೆ. ಹಾಗಾಗಿ ಅಳೆಯುವವರೇ ಬಿಲ್ಲು ಬರೆಯಬಾರದು, ಇದು ನನ್ನ ಖಚಿತ ಅಭಿಪ್ರಾಯ.

• ಮೈಮೇಲೆ ಕಾರಣ ತಿಳಿಯದ ಗಾಯ ಕಂಡರೆ, ಯಾರನ್ನೋ ನೋಡಿ ಅಜ್ಜಿ ಮುದುಡಿಕೊಂಡರೆ ಮುಚ್ಚಿಡಬೇಡಿ. ಹಿರಿಯರ ಸಹಾಯವಾಣಿ 14567.

• ಒಮ್ಮೆ ಬರೆದ ಫೈಲು ಶಾಶ್ವತವಲ್ಲ. ಬಿದ್ದ ಮೇಲೆ, ಆಸ್ಪತ್ರೆಯಿಂದ ಮರಳಿದ ಮೇಲೆ, ಸಂಗಾತಿ ತೀರಿಕೊಂಡ ಮೇಲೆ ಮತ್ತೆ ನೋಡಲೇಬೇಕು. ಇವ್ಯಾವುದೂ ಆಗದಿದ್ದರೂ ಮೂರು ತಿಂಗಳಿಗೊಮ್ಮೆ ಮೊದಲಿನಿಂದ ನೋಡಿ, ತಾರೀಕು ಹಾಕಿ, ಸಹಿ ಮಾಡಿ.